ಮನೆಯಲ್ಲಿ ವಿಸ್ಕಿ ಭಟ್ಟಿ ಇಳಿಸುವುದನ್ನು ಕಲಿಯಬೇಕೆಂದಿದ್ದೇನೆ. ಕಾನೂನು ಮತ್ತು ಅಪಾಯ ಬಲ್ಲವರು ತಿಳಿಸಿ

ಉಣಕಲ್ ದಂಡೆ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನನಗೆ ಇಪ್ಪತ್ತೊಂಬತ್ತು ವರ್ಷ. ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ ಮಾಡುತ್ತೇನೆ. ನನಗೆ ಕುಡಿತದ ಚಟವಿಲ್ಲ, ವರ್ಷಕ್ಕೆ ಮೂರ್ನಾಲ್ಕು ಸಲ ಗೆಳೆಯರ ಜೊತೆ ಕುಳಿತರೆ ಅದೇ ಹೆಚ್ಚು. ಆದರೆ ಆರು ತಿಂಗಳಿನಿಂದ ವಿಸ್ಕಿ ಹೇಗೆ ಆಗುತ್ತದೆ ಎಂಬುದೇ ತಲೆ ತುಂಬಿಕೊಂಡಿದೆ. ಕಾಳು ಮೊಳೆಯುವಾಗ ತನ್ನೊಳಗಿನ ಪಿಷ್ಟವನ್ನು ತಾನೇ ಸಕ್ಕರೆ ಮಾಡಿಕೊಳ್ಳುತ್ತದೆ, ಆ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರ ಮಾಡುತ್ತದೆ, ಆಮೇಲೆ ಶಾಖ ಕೊಟ್ಟರೆ ನೀರಿಗಿಂತ ಮೊದಲು ಅದು ಆವಿಯಾಗಿ ಬೇರೆಯಾಗುತ್ತದೆ. ಓದಿದಷ್ಟೂ ಇದು ನನಗೆ ಅದ್ಭುತವೆನಿಸುತ್ತಿದೆ.

ಹೊರದೇಶದವರ ವಿಡಿಯೋಗಳನ್ನು ನೋಡಿ ಒಂದಿಷ್ಟು ಸಾಮಾನು ಕೂಡಿಸಿದ್ದೇನೆ. ದುರ್ಗದಬೈಲಿನಿಂದ ತಂದ ಬಾರ್ಲಿ ಮೊಳೆಯಲೇ ಇಲ್ಲ, ಅದರ ಸಿಪ್ಪೆ ತೆಗೆದು ಹೊಳಪು ಮಾಡಿರುತ್ತಾರೆಂದು ಆಮೇಲೆ ತಿಳಿಯಿತು. ಹಾಗಾಗಿ ನಾಲ್ಕು ಕಿಲೋ ಬಿಳಿಜೋಳ ನೆನೆಸಿ, ಮೊಳಕೆ ಕಟ್ಟಿ, ಮಾಳಿಗೆಯ ಮೇಲೆ ಒಣಗಿಸಿದ್ದೇನೆ. ಹದಿನೈದು ಅಡಿ ತಾಮ್ರದ ಕೊಳವೆ ಮತ್ತು ಹಳೆಯ ದೊಡ್ಡ ಕುಕ್ಕರ್ ಇವೆ. ಕೊಳೆ, ಅಂದರೆ ಹುದುಗಲು ಇಡುವ ಕಾಳಿನ ಗಂಜಿ, ಹಾಕುವುದು ಇನ್ನೂ ಬಾಕಿ.

ಮಾರುವ ಉದ್ದೇಶವಿಲ್ಲ. ಒಂದೆರಡು ಬಾಟಲಿ, ಅದೂ ಕಲಿಯುವುದಕ್ಕೆ. ಇಷ್ಟಕ್ಕೆ ಪರವಾನಗಿ ಬೇಕೇ? ಮೊದಲು ಬರುವ ಸ್ವಲ್ಪವನ್ನು ಚೆಲ್ಲಿಬಿಟ್ಟರೆ ವಿಷದ ಭಯವಿಲ್ಲ ಎನ್ನುತ್ತಾರೆ, ಅದು ನಿಜವೇ?

ಕರಿಕೋಟು, ಧಾರವಾಡ

ತಮ್ಮಾ, ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಅಬಕಾರಿ ಪ್ರಕರಣಗಳಲ್ಲಿ ಇಪ್ಪತ್ತು ವರ್ಷ ವಕೀಲಿ ಮಾಡಿದ್ದೇನೆ.

ಪರವಾನಗಿ ಬೇಕು. ಮತ್ತು ಮನೆಯಲ್ಲಿ ಸ್ವಂತಕ್ಕೆ ಭಟ್ಟಿ ಇಳಿಸಿಕೊಳ್ಳುತ್ತೇನೆ ಎಂದರೆ ಆ ಪರವಾನಗಿ ಸಿಗುವುದಿಲ್ಲ. ಮದ್ಯದ ತಯಾರಿಕೆ, ಸಂಗ್ರಹ, ಸಾಗಣೆ, ಮಾರಾಟ ಇವೆಲ್ಲ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 8ನೇ ನಮೂದಾಗಿ ಬರುತ್ತವೆ. ಆದ್ದರಿಂದ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಮ್ಮಲ್ಲಿ ಅದು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಅದರ 13ನೇ ಕಲಮನ್ನು ನಿಧಾನವಾಗಿ ಓದು. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಮಾತ್ರವಲ್ಲ, ತಯಾರಿಸುವ ಉದ್ದೇಶದಿಂದ ಸಾಮಗ್ರಿ, ಭಟ್ಟಿ, ಪಾತ್ರೆ, ಉಪಕರಣ ಇಟ್ಟುಕೊಳ್ಳುವುದನ್ನೂ ಅದು ತಡೆಯುತ್ತದೆ. ಎರಡು ಬಾಟಲಿ, ಇನ್ನೂರು ಬಾಟಲಿ ಎಂಬ ಭೇದ ಅಲ್ಲಿಲ್ಲ. ಮಾರಿಲ್ಲ ಎಂಬುದು ಶಿಕ್ಷೆಯ ಪ್ರಮಾಣದ ಬಗ್ಗೆ ವಾದಿಸುವಾಗ ಉಪಯೋಗಕ್ಕೆ ಬರಬಹುದೇ ಹೊರತು ಅಪರಾಧವನ್ನು ಅಳಿಸುವುದಿಲ್ಲ. 32ನೇ ಕಲಮಿನಡಿ ಸೆರೆವಾಸವೂ ಇದೆ, ದಂಡವೂ ಇದೆ.

ನೀನು ಬಾಡಿಗೆ ಮನೆಯಲ್ಲಿದ್ದರೆ ಅಥವಾ ಮನೆ ತಂದೆತಾಯಿಯ ಹೆಸರಿನಲ್ಲಿದ್ದರೆ 38-ಎ ಕಲಮನ್ನೂ ನೋಡು. ಅಪರಾಧಕ್ಕೆ ಸ್ಥಳ ಬಳಸಲು ಗೊತ್ತಿದ್ದೂ ಬಿಟ್ಟವರಿಗೂ ಶಿಕ್ಷೆ ಇದೆ. ನಿನ್ನ ಕುತೂಹಲಕ್ಕಾಗಿ ನಿನ್ನ ತಾಯಿ ಠಾಣೆಯ ಬೆಂಚಿನ ಮೇಲೆ ಕುಳಿತುಕೊಳ್ಳುವಂತಾಗಬಾರದು. ಇದನ್ನು ಹೆದರಿಸಲಿಕ್ಕೆ ಬರೆಯುತ್ತಿಲ್ಲ. ಅಂಥ ಬೆಂಚಿನ ಪಕ್ಕದಲ್ಲಿ ನಾನು ನಿಂತಿದ್ದೇನೆ.

ಸಂವಿಧಾನ ಕೊಟ್ಟ ಸ್ವಾತಂತ್ರ್ಯ ಎಂಬ ವಾದ ಯಾರಾದರೂ ಎತ್ತುವ ಮುನ್ನ ಹೇಳಿಬಿಡುತ್ತೇನೆ: ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅದೂ ನಮ್ಮ ಕರ್ನಾಟಕದ್ದೇ ಪ್ರಕರಣ.

ವರದಾತೀರ, ಹಾವೇರಿ

ವಿಡಿಯೋದಲ್ಲಿ ಎಷ್ಟೊಂದು ಜನ ಮುಖ ತೋರಿಸಿಕೊಂಡೇ ಮಾಡುತ್ತಾರಲ್ಲ, ಅವರಿಗೆಲ್ಲ ಕಾನೂನು ಇಲ್ಲವೇ?

ಕರಿಕೋಟು, ಧಾರವಾಡ

ಅವರು ಯಾವ ದೇಶದವರು ಎಂದು ನೋಡಿ. ನ್ಯೂಜಿಲೆಂಡಿನಲ್ಲಿ 1996ರಿಂದ ಸ್ವಂತ ಬಳಕೆಗೆ ಮನೆಯಲ್ಲಿ ಭಟ್ಟಿ ಇಳಿಸುವುದಕ್ಕೆ ಅಡ್ಡಿಯಿಲ್ಲ. ವಿಸ್ಕಿಯ ತವರಾದ ಸ್ಕಾಟ್ಲೆಂಡಿನಲ್ಲಿಯೇ ಪರವಾನಗಿ ಇಲ್ಲದೆ ಮಾಡುವಂತಿಲ್ಲ. ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು 1978ರ ಕಾನೂನು ಅವಕಾಶ ಕೊಟ್ಟಿತು, ಆದರೆ ಅದು ಭಟ್ಟಿಗೆ ಅನ್ವಯಿಸಲಿಲ್ಲ. ಬೇರೆ ದೇಶದ ವಿಡಿಯೋ ನಂಬಿ ಹುಬ್ಬಳ್ಳಿಯಲ್ಲಿ ಒಲೆ ಹಚ್ಚಬಾರದು.

ಮಾಳಮಡ್ಡಿ ಮಾಸ್ತರ, ಧಾರವಾಡ

ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಹುಡುಗನ ಎರಡನೇ ಪ್ರಶ್ನೆ ನನಗೆ ಸೇರಿದ್ದು. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಬೇಕು.

‘ಮೊದಲು ಬರುವುದನ್ನು ಚೆಲ್ಲಿದರೆ ಮೆಥನಾಲ್ ಹೋಯಿತು’ ಎಂಬ ಮಾತು ಅರ್ಧ ಪಾಠ ಓದಿದವರ ಮಾತು. ವಿಷದ ಮದ್ಯಸಾರವಾದ ಮೆಥನಾಲ್ ಶುದ್ಧವಾಗಿದ್ದರೆ 64.7 ಡಿಗ್ರಿಗೆ ಕುದಿಯುತ್ತದೆ, ಕುಡಿಯುವ ಮದ್ಯಸಾರವಾದ ಎಥನಾಲ್ 78.4ಕ್ಕೆ, ನೀರು 100ಕ್ಕೆ. ಹಲಗೆಯ ಮೇಲೆ ಈ ಮೂರು ಅಂಕಿಗಳನ್ನು ಬರೆದರೆ ಒಂದಾದ ಮೇಲೊಂದು ಸಾಲಾಗಿ ಎದ್ದು ಹೋಗುತ್ತವೆ ಎನ್ನಿಸುತ್ತದೆ. ಆದರೆ ಪಾತ್ರೆಯಲ್ಲಿ ಅವು ಬೇರೆ ಬೇರೆ ಇರುವುದಿಲ್ಲ, ಕಲೆತಿರುತ್ತವೆ. ನೀರಿನ ಅಣುಗಳು ಮೆಥನಾಲನ್ನು ಹಿಡಿದಿಡುತ್ತವೆ. ಸಾದಾ ಭಟ್ಟಿಯಲ್ಲಿ ಅದು ಮೊದಲಿನಿಂದ ಕೊನೆಯವರೆಗೂ ಸ್ವಲ್ಪ ಸ್ವಲ್ಪವಾಗಿ ಬರುತ್ತಲೇ ಇರುತ್ತದೆ. ಮೊದಲು ಚೆಲ್ಲುವ ಭಾಗದಲ್ಲಿ ಹೆಚ್ಚಾಗಿ ಇರುವುದು ಅಸಿಟಾಲ್ಡಿಹೈಡ್, ಈಥೈಲ್ ಅಸಿಟೇಟ್‌ನಂಥ ಕಟುವಾಸನೆಯ ವಸ್ತುಗಳು. ಅವನ್ನು ಚೆಲ್ಲುವುದು ಸರಿಯೇ. ಚೆಲ್ಲಿದ್ದರಿಂದ ವಿಷ ಹೋಯಿತೆಂದು ನಂಬುವುದು ತಪ್ಪು.

ಇನ್ನೊಂದು ಕಡೆಯ ತಪ್ಪನ್ನೂ ಹೇಳಬೇಕು. ಮನೆಯಲ್ಲಿ ಧಾನ್ಯದಿಂದ ಮಾಡಿದರೆ ಮೆಥನಾಲ್‌ನಿಂದ ಕಣ್ಣು ಹೋಗಿಯೇ ಹೋಗುತ್ತದೆ ಎನ್ನುವುದೂ ನಿಜವಲ್ಲ. ಹುದುಗುವಾಗ ಮೆಥನಾಲ್ ಹುಟ್ಟುವುದು ಪೆಕ್ಟಿನ್‌ನಿಂದ. ಅದು ಹಣ್ಣುಗಳಲ್ಲಿ ಹೆಚ್ಚು, ಜೋಳ ಬಾರ್ಲಿಯಲ್ಲಿ ತೀರ ಕಡಿಮೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದು, 2008ರ ಮೇಯಲ್ಲಿ ಕೋಲಾರ, ಬೆಂಗಳೂರು ಮತ್ತು ಕೃಷ್ಣಗಿರಿ ಭಾಗದಲ್ಲಿ ನೂರೈವತ್ತಕ್ಕೂ ಹೆಚ್ಚು ಜನ ಸತ್ತದ್ದು, 2024ರ ಜೂನ್‌ನಲ್ಲಿ ಕಲ್ಲಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು ಜನ ಸತ್ತದ್ದು, ಇವುಗಳ ಹಿಂದೆ ಇದ್ದದ್ದು ಕಾರ್ಖಾನೆಯ ಮೆಥನಾಲ್. ಮಾರಲು ನಿಂತವರ ಕೈಯಲ್ಲಿ ಸಾರಾಯಿಗೆ ಸೇರಿದ್ದು ಅದು.

ಆದರೆ ಇಲ್ಲಿ ಒಂದು ಗಂಟು ಇದೆ. ಕೈಯಲ್ಲಿರುವ ದ್ರವದಲ್ಲಿ ಮೆಥನಾಲ್ ಎಷ್ಟಿದೆ ಎಂದು ಮನೆಯಲ್ಲಿ ತಿಳಿಯುವ ದಾರಿಯೇ ಇಲ್ಲ. ಹೈಡ್ರೋಮೀಟರ್ ಇಳಿಬಿಟ್ಟರೆ? ಎಥನಾಲ್‌ನ ಸಾಂದ್ರತೆ 0.789, ಮೆಥನಾಲ್‌ನದು 0.792. ಆ ಗಾಜಿನ ಕಡ್ಡಿಗೆ ಇವೆರಡೂ ಒಂದೇ. ಬೆಂಕಿ ಹಚ್ಚಿ ನೀಲಿ ಉರಿ ಬಂದರೆ ಒಳ್ಳೆಯದು ಎನ್ನುತ್ತಾರೆ. ಎರಡರ ಉರಿಯೂ ನೀಲಿಯೇ. ವಾಸನೆ, ರುಚಿ ಯಾವುದೂ ಸಾಕ್ಷಿಯಲ್ಲ. ಗ್ಯಾಸ್ ಕ್ರೊಮಟೋಗ್ರಾಫ್ ಎಂಬ ಯಂತ್ರವಿರುವ ಪ್ರಯೋಗಾಲಯ ಬೇಕು. ನೀನು ಗುಣಮಟ್ಟ ಪರೀಕ್ಷೆ ಮಾಡುವವನು. ಅಳೆಯಲು ಬಾರದ ವಸ್ತುವನ್ನು ‘ಪಾಸ್’ ಎಂದು ಬರೆದು ಕಳಿಸುತ್ತೀಯಾ?

ರಾತ್ರಿಪಾಳಿ, ಹುಬ್ಬಳ್ಳಿ

ಮಾಸ್ತರರ ಮಾತು ಸರಿ. ಆದರೆ ಎಲ್ಲರೂ ಮೆಥನಾಲ್ ಹಿಂದೆಯೇ ಹೋಗುತ್ತಿದ್ದೀರಿ. ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಕಿ. ಮನೆಯ ಭಟ್ಟಿಯಿಂದ ನಾನು ಕಂಡ ಮೊದಲ ಗಾಯ ಬೆಂಕಿಯದು.

2020ರ ಲಾಕ್‌ಡೌನ್‌ನಲ್ಲಿ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಮದ್ಯದಂಗಡಿಗಳು ಮುಚ್ಚಿದ್ದವು. ಆಗ ಒಬ್ಬ ಹುಡುಗನನ್ನು ಕರೆತಂದರು. ಅಡುಗೆಮನೆಯಲ್ಲಿ ಗ್ಯಾಸ್ ಒಲೆಯ ಮೇಲೆ ಕುಕ್ಕರ್, ಅದರ ಸೀಟಿಯ ಜಾಗಕ್ಕೆ ರಬ್ಬರ್ ಕೊಳವೆ, ಒಲೆಯ ಪಕ್ಕದಲ್ಲೇ ಬಾಟಲಿ. ಕೊಳವೆ ಬಿಸಿಗೆ ಮೆತ್ತಗಾಗಿ ಜಾರಿದೆ. ಕಟ್ಟೆಯ ಮೇಲೆ ಹರಿದದ್ದು ಉರಿಯುತ್ತಿದೆ ಎಂದು ಅವನಿಗೆ ತಿಳಿಯಲಿಲ್ಲ. ಮಧ್ಯಾಹ್ನದ ಬೆಳಕಿನಲ್ಲಿ ಮದ್ಯಸಾರದ ಉರಿ ಕಣ್ಣಿಗೆ ಕಾಣುವುದಿಲ್ಲ. ಒರೆಸಲು ಬಟ್ಟೆ ಹಿಡಿದು ಎರಡೂ ಕೈ ಹಾಕಿದ. ಬೆರಳುಗಳ ನಡುವಿನ ಚರ್ಮ ಮತ್ತೆ ಬಿಡಿಸಿಕೊಳ್ಳುವುದಕ್ಕೆ ಅವನು ಎಷ್ಟು ಸಲ ಬಂದುಹೋದ ಎಂಬುದು ನನಗೆ ನೆನಪಿದೆ. ಅವನೂ ಮಾರಲು ಮಾಡಿದವನಲ್ಲ.

ಎಥನಾಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಮೂರು ಪಾಲು ದಾಟಿದರೆ ಒಂದು ಕಿಡಿ ಸಾಕು. ಒಲೆಯೇ ಆಗಬೇಕೆಂದಿಲ್ಲ, ಸ್ವಿಚ್ಚು, ಫ್ರಿಜ್ಜಿನ ಒಳಗಿನ ಕಿಡಿ ಯಾವುದೂ ಆಗಬಹುದು. ನಮ್ಮ ಕಡೆಯ ಅಡುಗೆಮನೆಗಳಲ್ಲಿ ಸಿಲಿಂಡರ್ ಇರುವುದು ಕಟ್ಟೆಯ ಕೆಳಗೆ.

ಕುಕ್ಕರ್ ಬಗ್ಗೆ ಇನ್ನೊಂದು ಮಾತು: ಜೋಳದ ಕೊಳೆ ಗಂಜಿಯ ಹಾಗೆ ಉಕ್ಕುತ್ತದೆ. ಹೊಟ್ಟು ಹೋಗಿ ಕೊಳವೆಯ ಬಾಯಿ ಕಟ್ಟಿದರೆ ಅದು ಪಾತ್ರೆಯಲ್ಲ, ಬಾಂಬು.

ವಿಷದ ಲಕ್ಷಣಗಳ ಬಗ್ಗೆಯೂ ಬರೆದುಬಿಡುತ್ತೇನೆ, ಯಾರಿಗಾದರೂ ಬೇಕಾಗಬಹುದು. ಮೆಥನಾಲ್ ಕುಡಿದವನು ಮೊದಲು ಸಾದಾ ಅಮಲೇರಿದವನಂತೆ ಇರುತ್ತಾನೆ. ನಿಜವಾದ ತೊಂದರೆ ಕಾಣುವುದು ಹನ್ನೆರಡು ಗಂಟೆ, ಒಂದು ದಿನದ ನಂತರ, ಯಕೃತ್ತು ಅದನ್ನು ಫಾರ್ಮಿಕ್ ಆಮ್ಲ ಮಾಡಿದ ಮೇಲೆ. ವಾಂತಿ, ಹೊಟ್ಟೆನೋವು, ಏದುಸಿರು, ಕಣ್ಣ ಮುಂದೆ ಬಿಳಿ ಮಂಜು ಕವಿದಂತೆ ಆಗುವುದು. ‘ಅಮಲು ಇಳಿಯಲಿ’ ಎಂದು ಮಲಗಿಸಬೇಡಿ. 108ಕ್ಕೆ ಕರೆ ಮಾಡಿ, ಏನು ಕುಡಿದ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಬೇಗ ಬಂದರೆ ಪ್ರತಿವಿಷವಿದೆ, ಡಯಾಲಿಸಿಸ್ ಇದೆ. ಪೊಲೀಸರಿಗೆ ಹೆದರಿ ಮರುದಿನ ಕರೆತಂದವರನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಉಣಕಲ್ ದಂಡೆ, ಹುಬ್ಬಳ್ಳಿ

ಎಲ್ಲವನ್ನೂ ಎರಡು ಸಲ ಓದಿದೆ. ಅಕ್ಕನವರೇ, ಆ ಹುಡುಗನ ಸಂಗತಿ ಓದಿ ಕುಕ್ಕರನ್ನು ಅಟ್ಟಕ್ಕೆ ಹಾಕಿದ್ದೇನೆ. ಒಂದು ಪ್ರಶ್ನೆ ಉಳಿದಿದೆ. ಒಲೆ ಬಿಟ್ಟು ವಿದ್ಯುತ್ ಕಾಯಿಲ್, ಬಯಲು ಜಾಗ, ಒಳ್ಳೆಯ ಉಕ್ಕಿನ ಪಾತ್ರೆ ಇಟ್ಟುಕೊಂಡರೆ ಅಪಾಯ ಕಡಿಮೆಯಾಗುವುದಿಲ್ಲವೇ? ಕಾನೂನಿನ ಮಾತು ಬೇರೆ, ಅದು ತಿಳಿಯಿತು.

ಕಪ್ಪತಗುಡ್ಡದ ಮಗಳು, ಗದಗ ಜಿಲ್ಲೆ

ಕಾನೂನಿನ ಮಾತು ಬೇರೆ ಅಲ್ಲ ತಮ್ಮಾ.

ನನ್ನ ತವರು ಮುಂಡರಗಿ ತಾಲ್ಲೂಕಿನ ಒಂದು ಸಣ್ಣ ಊರು. ಚಿಕ್ಕವಳಿದ್ದಾಗ ಹಳ್ಳದ ದಂಡೆಯಲ್ಲಿ ಕಳ್ಳಭಟ್ಟಿ ಇಳಿಸುವುದನ್ನು ನೋಡಿದ್ದೇನೆ. ಕಪ್ಪು ಬೆಲ್ಲ, ಜಾಲಿಯ ತೊಗಟೆ, ನವಸಾಗರ. ಕೊಳೆಯ ಕೊಡಗಳನ್ನು ತಿಪ್ಪೆಯಲ್ಲಿ ಹೂಳುತ್ತಿದ್ದರು. ಅದರ ವಾಸನೆ ಇಂದಿಗೂ ಮೂಗಿನಲ್ಲಿದೆ. ಮಾಡುತ್ತಿದ್ದವರು ಕೆಟ್ಟವರಲ್ಲ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು, ಇಲ್ಲವೇ ಇದು. ಅಬಕಾರಿಯವರು ಬಂದಾಗ ಕೊಡ ಒಡೆದು, ಗಂಡಸರನ್ನು ಜೀಪಿಗೆ ಹತ್ತಿಸಿಕೊಂಡು ಹೋಗುತ್ತಿದ್ದರು. ಜಾಮೀನಿಗೆ ಓಡಾಡಿ ಓಡಾಡಿ ಒಂದು ಮನೆಯ ಎರಡು ಎಕರೆ ಹೊಲ ಹೋಯಿತು.

ನನ್ನ ಸೋದರಮಾವ ಒಂದು ಜಾತ್ರೆಯ ರಾತ್ರಿ ಕುಡಿದು ಬಂದರು. ಮರುದಿನ ಮಧ್ಯಾಹ್ನ ‘ಇಷ್ಟು ಬೇಗ ಕತ್ತಲಾಯಿತೇ’ ಎಂದು ಕೇಳಿದರು. ಅವರು ಅದಾದ ಮೇಲೆ ಇಪ್ಪತ್ತಾರು ವರ್ಷ ಬದುಕಿದರು, ಒಂದು ದಿನವೂ ಬೆಳಕು ಕಾಣಲಿಲ್ಲ. ನಮ್ಮತ್ತೆ ಕೈಹಿಡಿದು ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅವರು ಎತ್ತಿನ ಮೈ ತಡವಿ ಗುರುತು ಹಿಡಿಯುತ್ತಿದ್ದರು.

ನಿಮ್ಮ ಬರಹದಲ್ಲಿ ದುಷ್ಟತನವಿಲ್ಲ, ಅದು ನನಗೆ ಕಾಣುತ್ತದೆ. ಆದರೆ ಒಂದು ಮಾತು ಚುಚ್ಚಿತು. ಕಾಡಂಚಿನವನು ಮಾಡಿದರೆ ಅದು ಕಳ್ಳಭಟ್ಟಿ, ಓದಿದವನು ಮಾಡಿದರೆ ಅದು ಕಲಿಕೆ ಎಂದಾಗುತ್ತದೆಯೇ? ಅವರಿಗೆ ಹೊಟ್ಟೆಯ ಕಾರಣವಾದರೂ ಇತ್ತು. ಅವರ ಕೊಡ ಒಡೆದ ಕಾನೂನು ನಿಮ್ಮ ಉಕ್ಕಿನ ಪಾತ್ರೆಯ ಮುಂದೆ ಕಣ್ಣು ಮುಚ್ಚಬೇಕೆಂದು ನಾನು ಒಪ್ಪಲಾರೆ. 2007ರ ಜುಲೈ 1ರಂದು ಸಾರಾಯಿ ನಿಷೇಧವಾದಾಗ ನಮ್ಮೂರಿನ ಹೆಣ್ಣುಮಕ್ಕಳು ದುರ್ಗವ್ವನ ಗುಡಿಗೆ ಹೋಗಿ ಉಡಿ ತುಂಬಿ ಬಂದಿದ್ದರು. ಆ ದಿನವನ್ನು ನಾನು ಮರೆಯುವುದಿಲ್ಲ.

ಮಾಳಮಡ್ಡಿ ಮಾಸ್ತರ, ಧಾರವಾಡ

ತಾಯಿ, ನಿಮ್ಮ ಮಾತಿನ ನಂತರ ರಸಾಯನಶಾಸ್ತ್ರ ಬರೆಯಲು ಕೈ ಬರುತ್ತಿಲ್ಲ. ಆದರೂ ಹುಡುಗ ಕೇಳಿದ್ದಕ್ಕೆ ಉತ್ತರ ಕೊಡದೆ ಬಿಟ್ಟರೆ ಅವನು ಬೇರೆಲ್ಲೋ ಕೇಳುತ್ತಾನೆ.

ವಿದ್ಯುತ್ ಕಾಯಿಲ್‌ನಿಂದ ತೆರೆದ ಉರಿ ತಪ್ಪುತ್ತದೆ, ಆವಿ ತಪ್ಪುವುದಿಲ್ಲ. ಪಾತ್ರೆ ಒಳ್ಳೆಯದಾದರೂ ಬೆಸುಗೆ ಯಾವುದು? ಸೀಸ ಬೆರೆತ ಬೆಸುಗೆ ಇದ್ದರೆ ಸೀಸ ಬಾಟಲಿಗೆ ಇಳಿಯುತ್ತದೆ. ಅಮೆರಿಕದಲ್ಲಿ ಹಳೆಯ ಗಾಡಿಯ ರೇಡಿಯೇಟರ್‌ನಲ್ಲಿ ಆವಿ ತಂಪು ಮಾಡಿ ಕುಡಿದವರಿಗೆ ಸೀಸದ ವಿಷವೇರಿದ ಪ್ರಕರಣಗಳು ವೈದ್ಯಗ್ರಂಥಗಳಲ್ಲಿವೆ. ಅದು ಒಂದು ರಾತ್ರಿಯಲ್ಲಿ ಕೊಲ್ಲುವುದಿಲ್ಲ, ವರ್ಷಗಟ್ಟಲೆ ನರಗಳನ್ನು ತಿನ್ನುತ್ತದೆ.

ಇಷ್ಟೆಲ್ಲ ಸರಿಯಾದರೂ ನಿನ್ನ ಕೈಗೆ ಬರುವುದು ವಿಸ್ಕಿಯಲ್ಲ, ನೀರಿನ ಬಣ್ಣದ ಖಾರ ಸಾರಾಯಿ. ಸ್ಕಾಚ್ ಎನ್ನಿಸಿಕೊಳ್ಳಲು ಓಕ್ ಮರದ ಪೀಪಾಯಿಯಲ್ಲಿ ಕಡಿಮೆಯೆಂದರೂ ಮೂರು ವರ್ಷ ಇರಬೇಕು. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡು ಪಾಲು ಆವಿಯಾಗಿ ಹೋಗುತ್ತದೆ, ಬೆಂಗಳೂರಿನ ಹವೆಯಲ್ಲಿ ಹತ್ತಕ್ಕಿಂತ ಹೆಚ್ಚು. ಆ ಸೆಕೆಯಲ್ಲೇ ಮಾಗಿಸಿ ಅಮೃತ್ ಡಿಸ್ಟಿಲರೀಸ್‌ನವರು 2004ರಲ್ಲಿ ತಮ್ಮ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿದರು. ನಮ್ಮ ಅಂಗಡಿಗಳಲ್ಲಿ ವಿಸ್ಕಿ ಎಂದು ಮಾರುವ ಅಗ್ಗದ ಬಾಟಲಿಗಳಲ್ಲಿ ಬಹುಪಾಲು ಇರುವುದು ಕಾಕಂಬಿಯ ಸ್ಪಿರಿಟ್. ಇಂಥದ್ದನ್ನೆಲ್ಲ ಓದು, ಎಷ್ಟು ಬೇಕಾದರೂ ಓದು. ಓದುವುದಕ್ಕೆ ಪರವಾನಗಿ ಬೇಡ.

ಮಾಳಿಗೆಯ ಮೇಲಿನ ಜೋಳದ ಬಗ್ಗೆ ಎಚ್ಚರ ಹೇಳುವುದನ್ನು ಮರೆತಿದ್ದೆ. ಎಳೆ ಜೋಳ ಮೇಯ್ದು ದನ ಬೀಳುವುದನ್ನು ನಮ್ಮ ರೈತರೆಲ್ಲ ಬಲ್ಲರು. ಮೊಳೆತ ಜೋಳದ ಕುಡಿ ಮತ್ತು ಬೇರಿನಲ್ಲಿಯೂ ಅದೇ ಸಯನೈಡ್ ಕೊಡುವ ವಸ್ತು ಇರುತ್ತದೆ. ಮನೆಯಲ್ಲಿ ಅದನ್ನು ಅಂಬಲಿಗೆ ಬೀಸಿಸುವುದಾದರೆ ಮೊದಲು ಚೆನ್ನಾಗಿ ಒಣಗಿದೆಯೇ ನೋಡಿ, ಕುಡಿ ಬೇರುಗಳನ್ನು ಉಜ್ಜಿ, ಕೇರಿ, ಪೂರ್ತಿ ತೆಗೆದುಹಾಕಬೇಕು. ರಾಗಿಗೆ ಈ ತೊಂದರೆ ಇಲ್ಲ.

ಲೇತ್ ಕೆಲಸದವ, ತಾರಿಹಾಳ

ಇಂಥ ಪಾತ್ರೆ ಮಾಡಿಕೊಡಿ ಎಂದು ನನ್ನ ಬಳಿಗೆ ವರ್ಷಕ್ಕೆ ಒಬ್ಬಿಬ್ಬರು ಬರುತ್ತಾರೆ. ಗುಲಾಬಿ ನೀರಿಗೆ ಎನ್ನುತ್ತಾರೆ. ಗುಲಾಬಿ ತೋಟ ಎಲ್ಲಿದೆ ಎಂದು ಕೇಳುತ್ತೇನೆ. ಹೇಳಲಾರದವರಿಗೆ ಮಾಡಿಕೊಡುವುದಿಲ್ಲ.

ನಿಜವಾಗಿ ಬೇಕಾದವರಿಗೆ ಮಾಡುತ್ತೇನೆ. ನಿಂಬೆಹುಲ್ಲಿನ ಎಣ್ಣೆ ತೆಗೆಯುವ ರೈತರಿಗೆ ಇದುವರೆಗೆ ಐದು ಪಾತ್ರೆ ಕೊಟ್ಟಿದ್ದೇನೆ. 304 ದರ್ಜೆಯ ಉಕ್ಕು, ಆರ್ಗಾನ್ ಬೆಸುಗೆ. ಕೆಳಗೆ ನೀರು, ನಡುವೆ ಜಾಲರಿ, ಮೇಲೆ ಹುಲ್ಲು. ಹಬೆ ಹುಲ್ಲಿನ ಎಣ್ಣೆಯನ್ನು ಹೊತ್ತುಕೊಂಡು ಹೋಗಿ ತಂಪಾದಾಗ ಎಣ್ಣೆ ನೀರಿನ ಮೇಲೆ ತೇಲುತ್ತದೆ. ಆವಿ, ಶಾಖ, ತಂಪು, ಬೇರ್ಪಡಿಸುವುದು, ನೀವು ಕಲಿಯಬೇಕೆಂದದ್ದೆಲ್ಲ ಅಲ್ಲಿದೆ. ಅದರಲ್ಲಿ ಮದ್ಯಸಾರವಿಲ್ಲ. ಬೇಕಾದರೆ ಬಂದು ನೋಡಿ.

ಕಾಡುದಾರಿ, ಧಾರವಾಡ

ಭಟ್ಟಿಯನ್ನೇ ಕಣ್ಣಾರೆ ನೋಡಬೇಕೆಂದರೆ ಬೇಸಿಗೆಯಲ್ಲಿ ಗೋವಾಕ್ಕೆ ಹೋಗಿ ಬನ್ನಿ. ಗೇರುಹಣ್ಣಿನ ಕಾಲದಲ್ಲಿ ಪರವಾನಗಿ ಪಡೆದ ಮನೆತನದ ಭಟ್ಟಿಗಳು ನಡೆಯುತ್ತವೆ. ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ನಾನು ನೋಡಿದ ಕಡೆ ಹಣ್ಣು ತುಳಿಯುವುದರಿಂದ ಹಿಡಿದು ತಾಮ್ರದ ಹಂಡೆಯವರೆಗೆ ಪ್ರೀತಿಯಿಂದ ತೋರಿಸಿದರು. ನೋಡಿ ಬನ್ನಿ, ಡಿಕ್ಕಿಯಲ್ಲಿ ತುಂಬಿಕೊಂಡು ಬರಬೇಡಿ. ಗಡಿಯ ಈಚೆ ಅದೂ ಅಬಕಾರಿ ಪ್ರಕರಣವೇ.

ಕರಿಕೋಟು, ಧಾರವಾಡ

ಸರಿಯಾಗಿ ಹೇಳಿದಿರಿ. ಎಣ್ಣೆ ತೆಗೆಯುವ ಪಾತ್ರೆಯ ಬಗ್ಗೆ ಯಾರಿಗಾದರೂ ಅನುಮಾನವಿದ್ದರೆ: ಕಾಯ್ದೆ ಹಿಡಿಯುವುದು ಮದ್ಯ ತಯಾರಿಸುವ ಉದ್ದೇಶದಿಂದ ಇಟ್ಟುಕೊಂಡ ಉಪಕರಣವನ್ನು. ಹುಲ್ಲು ಬೆಳೆದು ಎಣ್ಣೆ ತೆಗೆಯುವವರು ಖರೀದಿಯ ರಸೀದಿ, ಮಾರಾಟದ ಲೆಕ್ಕ ಇಟ್ಟುಕೊಂಡಿರಲಿ.

ಉಣಕಲ್ ದಂಡೆ, ಹುಬ್ಬಳ್ಳಿ

ನಾಲ್ಕು ದಿನ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮುಂಡರಗಿಯ ಅಕ್ಕನವರ ಮಾತಿಗೆ ಏನು ಉತ್ತರಿಸಬೇಕೆಂದು ತಿಳಿಯದೆ ಸುಮ್ಮನಿದ್ದೆ. ನಾನು ‘ಕಾನೂನಿನ ಮಾತು ಬೇರೆ’ ಎಂದದ್ದು ತಪ್ಪು. ಅದನ್ನು ಅಳಿಸುವುದಿಲ್ಲ, ನಿಮ್ಮ ಉತ್ತರ ಅದರ ಕೆಳಗೇ ಇರಲಿ.

ಅವ್ವನಿಗೆ ಎಲ್ಲವನ್ನೂ ಹೇಳಿದೆ. ಜೋಳ ಅಂಬಲಿಗೆಂದೇ ಅವಳು ತಿಳಿದಿದ್ದಳು. ಬೈಯಲಿಲ್ಲ. ಎರಡು ದಿನ ಕುಳಿತು ಮೊಳಕೆ ಉಜ್ಜಿ, ಮೊರದಲ್ಲಿ ಕೇರಿ, ಗಿರಣಿಗೆ ಕಳಿಸಿದಳು. ಯೀಸ್ಟ್ ಪೊಟ್ಟಣಗಳನ್ನು ಪರಿಚಯದ ಬೇಕರಿಯವರಿಗೆ ಕೊಟ್ಟೆ. ತಾಮ್ರದ ಕೊಳವೆ ತೆಗೆದುಕೊಂಡು ಭಾನುವಾರ ತಾರಿಹಾಳಕ್ಕೆ ಹೋಗಿದ್ದೆ. ಅಲ್ಲಿ ಒಂದು ಪಾತ್ರೆ ಬೆಸುಗೆಯಾಗುತ್ತಿತ್ತು. ಅಣ್ಣನವರು ಕೊಳವೆಯನ್ನು ತಿರುಗಿಸಿ ನೋಡಿ, ನಿಂಬೆಹುಲ್ಲಿಗೆ ಉಕ್ಕಿನದೇ ಒಳ್ಳೆಯದು, ಇದನ್ನು ಗುಜರಿಗೆ ಹಾಕು ಎಂದರು.

ಮಾಸ್ತರರೇ, ಕಲಘಟಗಿ ಹತ್ತಿರ ನಮ್ಮ ಕಾಕಾ ಅವರ ಹೊಲದ ಬದುವಿನಲ್ಲಿ ನಿಂಬೆಹುಲ್ಲು ಇದೆ. ಕೊಯ್ದ ಕೂಡಲೇ ಹಬೆಗೆ ಹಾಕಬೇಕೇ, ಒಣಗಿಸಬೇಕೇ? ಮೂವತ್ತು ಕಿಲೋ ಹುಲ್ಲಿಗೆ ಎಷ್ಟು ಎಣ್ಣೆ ಬಂದೀತು?

ಮಾಳಮಡ್ಡಿ ಮಾಸ್ತರ, ಧಾರವಾಡ

ನೆರಳಿನಲ್ಲಿ ಒಂದು ದಿನ ಬಾಡಿಸು, ಬಿಸಿಲಿಗೆ ಹಾಕಬೇಡ. ಬಾಡಿದರೆ ಪಾತ್ರೆಯಲ್ಲಿ ಹೆಚ್ಚು ಹುಲ್ಲು ಹಿಡಿಯುತ್ತದೆ, ಉರುವಲೂ ಉಳಿಯುತ್ತದೆ. ಮೂವತ್ತು ಕಿಲೋಗೆ ನೂರು ಗ್ರಾಂ ಎಣ್ಣೆ ಬಂದರೆ ಚೆನ್ನಾಗಿ ಬಂತೆಂದು ತಿಳಿ. ಮೊದಲ ಸಲ ಅಷ್ಟೂ ಬರುವುದಿಲ್ಲ. ಎಷ್ಟು ಹುಲ್ಲು, ಎಷ್ಟು ಹೊತ್ತು, ಎಷ್ಟು ಎಣ್ಣೆ, ಮೂರನ್ನೂ ಒಂದು ವಹಿಯಲ್ಲಿ ಬರೆದು ನನಗೆ ಕಳಿಸು.